ಲಾ ಮೇಷ್ಟ್ರು ಕರಿ ಕೋಟು ಕಳಚಿಟ್ಟ ಕಥೆ

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ, ಲಾ ಓದುವ ಹುಡುಗರು ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ: "ಸರ್, ಇಷ್ಟೆಲ್ಲ ಗೊತ್ತಿದ್ದೂ ನೀವ್ಯಾಕೆ ಕೋರ್ಟಿಗೆ ಹೋಗಲ್ಲ?" ಬರಲ್ಲ ಅಂತಲ್ಲ. ವಕೀಲಿ ಮಾಡುತ್ತಿದ್ದವರು ಪೂರ್ಣಾವಧಿ ಸಂಬಳಕ್ಕೆ ಸೇರಿದರೆ ಸನ್ನದನ್ನು, ಅಂದರೆ ವಕೀಲಿ ಮಾಡುವ ಪರವಾನಗಿಯನ್ನು, ಅಮಾನತಿನಲ್ಲಿ ಇಡಲೇಬೇಕು.

ಮೊದಲು ಹೀಗಿರಲಿಲ್ಲ. ಕಾನೂನು ಕಲಿಯುವುದೇ ದೂರದ ಮಾತಾಗಿತ್ತು. ಚಿತ್ರದುರ್ಗದಲ್ಲಿ ವಕೀಲರಾಗಿ ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು 1926ರಲ್ಲಿ ಕಾನೂನು ಪದವಿ ಪಡೆದದ್ದು ಪುಣೆಯಲ್ಲಿ. ಬೆಳಗಾವಿಗೆ ಲಾ ಕಾಲೇಜು ಬಂದದ್ದು 1939ರಲ್ಲಿ, ಬೆಂಗಳೂರಿಗೆ ಸರ್ಕಾರಿ ಕಾಲೇಜು 1948ರಲ್ಲಿ. ಆ ಕಾಲದಲ್ಲಿ ಪಾಠ ಹೇಳುತ್ತಿದ್ದವರು ಹೆಚ್ಚಾಗಿ ವಕೀಲರೇ. ಬೆಳಿಗ್ಗೆಯೋ ಸಂಜೆಯೋ ಕ್ಲಾಸು, ನಡುವೆ ಕೋರ್ಟು.

1961ರ ವಕೀಲರ ಕಾಯ್ದೆಯ ನಂತರ ಬೇಲಿ ಬಿತ್ತು. ವಕೀಲರ ನಿಯಂತ್ರಣ ಸಂಸ್ಥೆಯಾದ ಬಾರ್ ಕೌನ್ಸಿಲ್ಲಿನ 49ನೇ ನಿಯಮದ ಪ್ರಕಾರ ಪೂರ್ಣಾವಧಿ ನೌಕರರು ವಕೀಲಿ ಮಾಡುವಂತಿಲ್ಲ. ಮುಂಬೈಯ ಡಾಕ್ಟರೊಬ್ಬರು ವೈದ್ಯವೃತ್ತಿ ಬಿಡದೆ ಸನ್ನದು ಕೇಳಿದಾಗ, 1996ರಲ್ಲಿ ಸುಪ್ರೀಂ ಕೋರ್ಟು ಕೊಡಲಿಲ್ಲ. ವಕೀಲಿ ಪೂರ್ತಿ ಗಮನ ಬೇಡುವ ಕೆಲಸ ಎಂಬುದು ಅದರ ವಾದ. 2002ರಲ್ಲಿ ದೆಹಲಿ ಹೈಕೋರ್ಟು ಅಲ್ಲಿನ ವಿಶ್ವವಿದ್ಯಾಲಯದ ಪೂರ್ಣಾವಧಿ ಕಾನೂನು ಅಧ್ಯಾಪಕರಿಗೂ ಇದನ್ನೇ ಹೇಳಿತು.

ತಮಾಷೆ ಏನೆಂದರೆ, ಆ ಕಡೆಯಿಂದ ಈ ಕಡೆಗೆ ಬಾಗಿಲು ತೆರೆದೇ ಇದೆ. 1979ರ ನಿಯಮದಂತೆ ವಕೀಲರು ದಿನಕ್ಕೆ 3 ಗಂಟೆ ಮೀರದಂತೆ ಪಾಠ ಮಾಡಬಹುದು. ಮೇಷ್ಟ್ರು ಮಾತ್ರ ಒಂದು ಗಂಟೆಯೂ ವಾದಿಸುವಂತಿಲ್ಲ.

ಇದರಿಂದ ಲಾಭವೇ ಆಗಲಿಲ್ಲ ಅನ್ನಲಾರೆ. ಓದುವುದಕ್ಕೆ, ಬರೆಯುವುದಕ್ಕೆ ಬಿಡುವು ಸಿಕ್ಕಿತು. ಮಥುರಾ ಎಂಬ ಹುಡುಗಿಯ ಮೇಲೆ ಪೊಲೀಸ್ ಠಾಣೆಯಲ್ಲಿ ನಡೆದ ಅತ್ಯಾಚಾರದ ಪ್ರಕರಣದಲ್ಲಿ ಪೊಲೀಸರು ಖುಲಾಸೆಯಾದಾಗ, 1979ರಲ್ಲಿ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದದ್ದು ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಸೇರಿದಂತೆ ನಾಲ್ವರು ಕಾನೂನು ಅಧ್ಯಾಪಕರು. ವಕಾಲತ್ತು ಇಲ್ಲ, ಕಕ್ಷಿದಾರರಿಲ್ಲ, ಬರೀ ಕಾಗದ. ದೇಶದಲ್ಲಿ ಚಳವಳಿಯೇ ಎದ್ದಿತು, 1983ರಲ್ಲಿ ಕಾನೂನೇ ಬದಲಾಯಿತು. ಯಾವ ಸೀನಿಯರ್ ವಕೀಲರ ವಾದಕ್ಕೂ ಇದು ಕಡಿಮೆಯೇನಲ್ಲ, ಅಲ್ವಾ?

ನಷ್ಟ ಕಾಣುವುದು ಕ್ಲಾಸಿನಲ್ಲಿ. ದಾವಾ ಅರ್ಜಿ, ಜವಾಬು, ಕ್ರಯಪತ್ರ ಬರೆಯುವುದು ಹೇಗೆಂಬುದು ಈಗ ಕಡ್ಡಾಯ ಪೇಪರು. ಅದನ್ನು ವಕೀಲರ, ನಿವೃತ್ತ ನ್ಯಾಯಾಧೀಶರ ನೆರವಿನಿಂದ ಕಲಿಸಿದರೆ ಒಳ್ಳೆಯದು ಎಂದು 2008ರ ನಿಯಮವೇ ಹೇಳುತ್ತದೆ. ಕಾನೂನಿನ ಸ್ನಾತಕೋತ್ತರ ಪದವಿ ಎಲ್‌ಎಲ್‌ಎಂ, ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಮುಗಿಸಿ ನೇರ ಕಾಲೇಜಿಗೆ ಬಂದ ಮೇಷ್ಟ್ರು ಒಂದು ಜಾಮೀನು ಅರ್ಜಿಯನ್ನೂ ಹಾಕದೆ ಅದನ್ನು ಕಲಿಸಬೇಕಾಗಬಹುದು. ಸಂವಿಧಾನದ 124ನೇ ವಿಧಿ ಹೆಸರಾಂತ ಕಾನೂನು ಪಂಡಿತರನ್ನೂ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಮಾಡಬಹುದು ಅನ್ನುತ್ತದೆ. ಆ ದಾರಿಯಲ್ಲಿ ಇನ್ನೂ ಯಾರೂ ಹೋಗಿಲ್ಲ.

ನಿವೃತ್ತಿಯಾದ ಮೇಲೆ ಸನ್ನದನ್ನು ಮತ್ತೆ ಚಾಲ್ತಿಗೆ ತರಬಹುದು. ಆದರೆ ಅಷ್ಟರಲ್ಲಿ ಎದುರು ಕಕ್ಷಿಯ ಪರ ನಿಂತಿರುವವರು ತಾವೇ ಪಾಠ ಹೇಳಿದ ಹುಡುಗರಾಗಿರುತ್ತಾರೆ.