ಟಿಬಿ ಬಂದವರ ಲೋಟ ಬೇರೆ ಇಡಬೇಕಾ?

ಪ್ರಶ್ನೆ: ಮೇಡಂ, ನಾನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಕಡೆ ಸೂಪರ್‌ವೈಸರ್. ನಮ್ಮ ಪ್ಯಾಕಿಂಗ್ ಸೆಕ್ಷನ್‌ನಲ್ಲಿ ಒಬ್ಬರಿಗೆ ಟಿಬಿ ಅಂತ ಗೊತ್ತಾಯ್ತು. ಮಾತ್ರೆ ಶುರುವಾಗಿ ಮೂರು ವಾರ ಆಗಿದೆ, ಕೆಲಸಕ್ಕೆ ಹೋಗಬಹುದು ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ. ಅವರ ಲೋಟ, ತಟ್ಟೆ ಬೇರೆ ಇಟ್ಟಿದ್ದೇವೆ. ಅಷ್ಟು ಸಾಕಾ? ಬಾತ್‌ರೂಮೂ ಬೇರೆ ಮಾಡಬೇಕಾ?

ಬೇಡ. ಬಾತ್‌ರೂಮ್ ಬೇಡ, ತಟ್ಟೆ ಬೇಡ, ಲೋಟವೂ ಬೇಡ. ಇಷ್ಟೇ ಉತ್ತರ. ಇಷ್ಟಕ್ಕೇ ನಿಲ್ಲಿಸಿದರೆ ಮುಂದಿನ ತಿಂಗಳು ಇನ್ನೊಬ್ಬರು ಇದನ್ನೇ ಕೇಳುತ್ತಾರೆ ಅಂತ ಗೊತ್ತಿರುವುದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಟಿಬಿ ಹೆಲ್ತ್ ವಿಸಿಟರ್ ಆಗಿ ಇಪ್ಪತ್ತಾರು ವರ್ಷ ಈ ಊರಿನ ಬೀದಿ ಸುತ್ತಿದವಳು ನಾನು. ಈ ಲೋಟದ ಪ್ರಶ್ನೆಯನ್ನು ಬ್ಯಾಂಕಿನವರು ಕೇಳಿದ್ದಾರೆ, ಮೇಷ್ಟ್ರು ಕೇಳಿದ್ದಾರೆ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಪಕ್ಕದವರು ಕೇಳಿದ್ದಾರೆ. ಕಿಟಕಿಯ ವಿಷಯ ಮಾತ್ರ ಇವತ್ತಿನವರೆಗೆ ಯಾರೂ ಕೇಳಿಲ್ಲ.

ಒಮ್ಮೆ ಒಂದು ಅಗರಬತ್ತಿ ಯೂನಿಟ್ಟಿಗೆ ಹೋಗಿದ್ದೆ. ಅಲ್ಲಿ ಪ್ಯಾಕಿಂಗ್ ಮಾಡುವ ಹೆಣ್ಣುಮಗಳೊಬ್ಬಳಿಗೆ ಟಿಬಿ. ಮಾಲೀಕರು ಒಳ್ಳೆಯವರೇ, ಕೆಲಸದಿಂದ ತೆಗೆದಿರಲಿಲ್ಲ. "ನಾವು ಎಲ್ಲ ಮುಂಜಾಗ್ರತೆ ತಗೊಂಡಿದ್ದೀವಿ ಮೇಡಂ" ಅಂತ ಕರೆದುಕೊಂಡು ಹೋಗಿ ತೋರಿಸಿದರು. ನೀರಿನ ಡ್ರಮ್ಮಿನ ಪಕ್ಕ ಒಂದಷ್ಟು ಸ್ಟೀಲ್ ಲೋಟ ಬೋರಲು ಹಾಕಿದ್ದವು. ದೂರದಲ್ಲಿ, ಗೋಡೆಯ ಗೂಡಿನಲ್ಲಿ ಒಂದೇ ಒಂದು ಲೋಟ. ಅದರ ತಳಕ್ಕೆ ಕೆಂಪು ನೈಲ್ ಪಾಲಿಶ್‌ನಲ್ಲಿ ದುಂಡಗೆ ಒಂದು ಬೊಟ್ಟು ಇಟ್ಟಿದ್ದರು, ಅದಲುಬದಲು ಆಗಬಾರದು ಅಂತ. ಆ ರೂಮಿಗೆ ಎರಡು ಕಿಟಕಿ. ಎರಡಕ್ಕೂ ಅಡ್ಡವಾಗಿ ರಟ್ಟಿನ ಪೆಟ್ಟಿಗೆಗಳನ್ನು ಮೇಲಿನವರೆಗೂ ಜೋಡಿಸಿದ್ದರು. ಯಾಕೆ ಅಂದರೆ, "ತೆಗೆದರೆ ಸೆಂಟ್ ಆರಿಹೋಗುತ್ತೆ, ಫ್ಯಾನ್ ಹಾಕಿದರೆ ಕವರ್ ಹಾರುತ್ತೆ." ಒಳಗೆ ಮೂವತ್ತು ಜನ ಬೆಳಗ್ಗೆಯಿಂದ ಸಂಜೆವರೆಗೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಾ ಕೂತಿದ್ದರು. ಲೋಟ ಮಾತ್ರ ಬೇರೆ.

ಟಿಬಿ ರೋಗಾಣು ಕಾಯಿಲೆ ಶುರು ಮಾಡಬೇಕಾದರೆ ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲದವರೆಗೆ ಹೋಗಿ ಕೂರಬೇಕು. ಅಷ್ಟು ಒಳಗೆ ಹೋಗುವುದು 1ರಿಂದ 5 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಗಾತ್ರದ ಕಣ ಮಾತ್ರ. ರೋಗಿ ಕೆಮ್ಮಿದಾಗ, ಜೋರಾಗಿ ಮಾತಾಡಿದಾಗ, ಹಾಡಿದಾಗ ಹೊರಬೀಳುವ ಸಣ್ಣ ಹನಿಗಳು ಗಾಳಿಯಲ್ಲೇ ಒಣಗಿ ಈ ಗಾತ್ರಕ್ಕೆ ಇಳಿದು, ಮುಚ್ಚಿದ ರೂಮಿನಲ್ಲಿ ಗಂಟೆಗಟ್ಟಲೆ ತೇಲುತ್ತವೆ. ದೊಡ್ಡ ಹನಿಗಳು ಮೂಗು, ಗಂಟಲಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ, ಇಲ್ಲವೇ ನೆಲಕ್ಕೆ ಬೀಳುತ್ತವೆ. ಲೋಟದ ಅಂಚಿಗೆ ಅಂಟಿದ ಎಂಜಲು ಮತ್ತೆ ಎದ್ದು ಹಾರಿ ನಿಮ್ಮ ಶ್ವಾಸಕೋಶ ಸೇರುವುದಿಲ್ಲ. ನುಂಗಿದರೆ ಅದು ಹೋಗುವುದು ಹೊಟ್ಟೆಗೆ. ಕೈಕುಲುಕುವುದು, ಒಂದೇ ಕುರ್ಚಿ, ಒಂದೇ ಬಾತ್‌ರೂಮ್, ಡಬ್ಬಿಯಿಂದ ಒಂದು ಚಪಾತಿ ಹಂಚಿಕೊಳ್ಳುವುದು, ಯಾವುದರಿಂದಲೂ ಟಿಬಿ ಹರಡಲ್ಲ. ಕತ್ತಿನ ಗಂಟಿನ ಟಿಬಿ, ಮೂಳೆ ಟಿಬಿ ಆಗಿದ್ದು ಶ್ವಾಸಕೋಶಕ್ಕೆ ಏನೂ ಆಗಿಲ್ಲದಿದ್ದರೆ ಅವರಿಂದ ಗಾಳಿಯಲ್ಲೂ ಹರಡಲ್ಲ.

ಹಸಿ ಹಾಲಿನಿಂದ ಬರುತ್ತಲ್ಲ ಅಂತ ಮಂಡ್ಯದ ಕಡೆಯ ಓದುಗರು ಯಾರಾದರೂ ಕೇಳೇ ಕೇಳುತ್ತಾರೆ. ಹೌದು, ದನದ ಟಿಬಿ ಹಸಿ ಹಾಲಿನಿಂದ ಬರಬಹುದು. ಹಾಲು ಕಾಯಿಸಿ ಕುಡಿಯಿರಿ. ಅದಕ್ಕೂ ನಿಮ್ಮ ಸಹೋದ್ಯೋಗಿಯ ಕಾಫಿ ಲೋಟಕ್ಕೂ ಸಂಬಂಧವಿಲ್ಲ.

ನನ್ನ ಮಾತು ನಂಬಬೇಡಿ, ಗಿನಿಪಿಗ್‌ಗಳನ್ನು ನಂಬಿ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ರಿಚರ್ಡ್ ರೈಲಿ ಎಂಬ ವೈದ್ಯರು ಆರು ಹಾಸಿಗೆಯ ಟಿಬಿ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಮೇಲಕ್ಕೆ ಎಳೆದು, ಅಲ್ಲಿ ಗೂಡಿನಲ್ಲಿಟ್ಟ ಗಿನಿಪಿಗ್‌ಗಳ ಮೇಲೆ ಬಿಟ್ಟರು. ಆ ಪ್ರಾಣಿಗಳು ರೋಗಿಗಳ ಮುಖ ನೋಡಿರಲಿಲ್ಲ, ಅವರ ತಟ್ಟೆ ನೆಕ್ಕಿರಲಿಲ್ಲ. ಆದರೂ ಒಂದಾದ ಮೇಲೊಂದಕ್ಕೆ ಸೋಂಕು ತಗುಲಿತು. ಆಮೇಲೆ ಗಾಳಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ನೇರಳಾತೀತ ಕಿರಣ ಹಾಯಿಸಿ ಬಿಟ್ಟರು. ಆ ಗಾಳಿ ಕುಡಿದ ಗಿನಿಪಿಗ್‌ಗಳಿಗೆ ಏನೂ ಆಗಲಿಲ್ಲ. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ?

ನಮ್ಮ ಪಕ್ಕದಲ್ಲೇ ನಡೆದದ್ದು ಬೇಕಾ? 1956ರಲ್ಲಿ ಮದ್ರಾಸಿನಲ್ಲಿ ಟಿಬಿ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಿಟೋರಿಯಂನಲ್ಲಿ, ಅಂದರೆ ರೋಗಿಗಳನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಟಿಬಿ ಆಸ್ಪತ್ರೆಯಲ್ಲಿ, ಇನ್ನೊಂದು ಗುಂಪು ತಮ್ಮ ಇಕ್ಕಟ್ಟಿನ ಮನೆಗಳಲ್ಲೇ ಮಾತ್ರೆ ನುಂಗಿಕೊಂಡು. ಮನೆಯಲ್ಲೇ ಇದ್ದವರ ಹೆಂಡತಿ ಮಕ್ಕಳಿಗೆ ಕಾಯಿಲೆ ಹೆಚ್ಚಾಗಿ ಬಂದಿರಬೇಕಲ್ಲವಾ? ಐದು ವರ್ಷ ಹಿಂಬಾಲಿಸಿ ನೋಡಿದರೂ ಹಾಗಾಗಲಿಲ್ಲ. ಮನೆಯವರಿಗೆ ತಗುಲುವುದಿದ್ದರೆ ರೋಗ ಪತ್ತೆಯಾಗುವ ಮೊದಲೇ ತಗುಲಿರುತ್ತೆ. ಔಷಧ ಶುರುವಾದ ಮೇಲೆ ಹರಡುವ ಶಕ್ತಿ ಬೇಗ ಕುಗ್ಗುತ್ತೆ. ಪ್ರಪಂಚದ ಹಲವು ಕಡೆ ಸ್ಯಾನಿಟೋರಿಯಂಗಳು ಬಾಗಿಲು ಹಾಕಿಕೊಳ್ಳಲು ಈ ಮದ್ರಾಸಿನ ಪ್ರಯೋಗವೂ ಒಂದು ಕಾರಣ.

ಹಾಗಾದರೆ ಲೋಟ ಯಾಕೆ ಕೆಟ್ಟ ಹೆಸರು ತಗೊಂಡಿತು? ತಪ್ಪು ನಮ್ಮ ಅಜ್ಜಿಯರದ್ದು ಮಾತ್ರ ಅಲ್ಲ, ಡಾಕ್ಟರುಗಳದ್ದೂ ಇದೆ. ಅಮೆರಿಕದ ಕಾನ್ಸಸ್ ರಾಜ್ಯದಲ್ಲಿ ಸ್ಯಾಮ್ಯುಯೆಲ್ ಕ್ರಂಬೈನ್ ಅಂತ ಆರೋಗ್ಯಾಧಿಕಾರಿ ಇದ್ದರು. ರೈಲಿನಲ್ಲಿ ಟಿಬಿ ರೋಗಿಗಳು ನೀರು ಕುಡಿದ ಲೋಟದಲ್ಲೇ ಮಗುವೊಂದು ಕುಡಿದದ್ದು ನೋಡಿ ಅವರಿಗೆ ಎದೆ ಝಲ್ ಅಂದಿತು. 1909ರಲ್ಲಿ ಅಲ್ಲಿ ಸಾರ್ವಜನಿಕ ಲೋಟವನ್ನೇ ನಿಷೇಧಿಸಿದರು, ಬೇರೆ ರಾಜ್ಯಗಳೂ ಹಿಂದೆಯೇ ಬಂದವು, ಪೇಪರ್ ಕಪ್ಪಿನ ವ್ಯಾಪಾರ ಕುದುರಿತು. ನಿಮ್ಮ ಆಫೀಸಿನ ಟೀ ಬರುವ ಪೇಪರ್ ಕಪ್ಪಿನ ಹಿಂದೆ ಇಂಥದ್ದೊಂದು ಗಾಬರಿಯ ಪಾಲಿದೆ. ಬೇರೆ ಕಾಯಿಲೆಗಳ ಮಟ್ಟಿಗೆ ಆ ನಿಷೇಧ ಒಳ್ಳೆಯದೇ. ಟಿಬಿ ಮಟ್ಟಿಗೆ ಗುರಿ ತಪ್ಪಿತು. ಇನ್ನು ಬೇರೆ ಲೋಟ ಇಡುವುದನ್ನು ಅಮೆರಿಕದವರು ನಮಗೆ ಹೇಳಿಕೊಡಬೇಕಾಗಿರಲಿಲ್ಲ. ಯಾರಿಗೆ, ಯಾಕೆ ಬೇರೆ ಲೋಟ ಇಡುತ್ತಿದ್ದರು ಅನ್ನುವುದು ನಮ್ಮ ಹಳ್ಳಿಯ ಹೋಟೆಲುಗಳಿಗೆ ಚೆನ್ನಾಗಿ ಗೊತ್ತು. ಟಿಬಿ ಬರೀ ಒಂದು ನೆಪ ಕೊಟ್ಟಿತು.

ಬೇರೆ ಇಟ್ಟರೆ ನಷ್ಟವೇನು, ಎಚ್ಚರಿಕೆಗೆ ಇರಲಿ ಅಂತೀರಿ. ನಷ್ಟ ಇದೆ. ಮಾತ್ರೆ ನುಂಗುತ್ತಿರುವವರು ಆ ರೂಮಿನಲ್ಲಿ ಅಪಾಯದವರಲ್ಲ. ಎರಡು ತಿಂಗಳಿಂದ ಕೆಮ್ಮುತ್ತಾ, ಸಂಜೆ ಮೈ ಬೆಚ್ಚಗಾಗಿ, ತೂಕ ಇಳಿದು, "ಧೂಳಿಗೆ ಕೆಮ್ಮು" ಅಂತ ಮೆಡಿಕಲ್ ಸ್ಟೋರಿನ ಸಿರಪ್ ಕುಡಿಯುತ್ತಿರುವವರು ಅಪಾಯ. ಅವರು ಆ ಕೆಂಪು ಬೊಟ್ಟನ್ನು ದಿನಾ ನೋಡುತ್ತಾರೆ. ನೋಡಿದವರು ಕಫ ಪರೀಕ್ಷೆಗೆ ಬರುತ್ತಾರಾ? ಇನ್ನಷ್ಟು ದಿನ ಬಚ್ಚಿಟ್ಟು ಕೆಮ್ಮುತ್ತಾರೆ, ಅದೂ ನಿಮ್ಮ ಮುಚ್ಚಿದ ಕಿಟಕಿಯ ಒಳಗೆ.

ಈಗ ನಿಮ್ಮ ಸೆಕ್ಷನ್‌ಗೆ ಬರೋಣ. ಎರಡು ವಾರ ದಾಟಿದ ಕೆಮ್ಮು ಯಾರಿಗಿದ್ದರೂ, ಅದು ಮ್ಯಾನೇಜರೇ ಆಗಲಿ, ಸರ್ಕಾರಿ ಆಸ್ಪತ್ರೆಗೆ ಕಳಿಸಿ. ಅಲ್ಲಿ ಕಫ ಪರೀಕ್ಷೆಗೂ ಆರು ತಿಂಗಳ ಮಾತ್ರೆಗೂ ಕಾಸು ಕೊಡಬೇಕಿಲ್ಲ. ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ 1000 ರೂಪಾಯಿ ರೋಗಿಯ ಖಾತೆಗೆ ಬರುತ್ತೆ, 2024ರ ನವೆಂಬರ್‌ಗೆ ಮುಂಚೆ ಅದು 500 ಇತ್ತು. ನಿಮ್ಮಲ್ಲಿ ಟಿಬಿ ಬಂದವರ ಜೊತೆ ದಿನವಿಡೀ ಒಂದೇ ರೂಮಿನಲ್ಲಿ ಕೂತಿದ್ದವರೂ ಒಮ್ಮೆ ತಪಾಸಣೆ ಮಾಡಿಸಿಕೊಳ್ಳಲಿ. ಸೋಂಕು ತಗುಲಿದವರಿಗೆಲ್ಲ ಕಾಯಿಲೆ ಬರಲ್ಲ, ಜೀವಮಾನದಲ್ಲಿ ನೂರಕ್ಕೆ ಐದರಿಂದ ಹತ್ತು ಜನಕ್ಕೆ ಮಾತ್ರ. ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರು, ಬೀಡಿ ಸಿಗರೇಟು ಸೇದುವವರು ಹೆಚ್ಚು ಹುಷಾರಾಗಿರಬೇಕು. ಮಾತ್ರೆ ನಡುವೆ ಬಿಟ್ಟರೆ ಅಥವಾ ಔಷಧಕ್ಕೆ ಬಗ್ಗದ ಟಿಬಿ ಆಗಿದ್ದರೆ ಲೆಕ್ಕ ಬೇರೆ, ಆಗ ಡಾಕ್ಟರು ಹೇಳುವವರೆಗೆ ಕೆಲಸಕ್ಕೆ ಬರುವ ಹಾಗಿಲ್ಲ. ನಿಮ್ಮವರಿಗೆ ಬರೆದುಕೊಟ್ಟಿದ್ದಾರಲ್ಲ, ಬರಲಿ ಬಿಡಿ.

ಆಮೇಲೆ ಕಿಟಕಿ. ಎದುರುಬದುರು ತೆಗೆದರೆ ಗಾಳಿ ಹಾಯುತ್ತೆ, ಒಂದೇ ಕಡೆ ತೆಗೆದರೆ ಅರ್ಧ ಪ್ರಯೋಜನ. ಎಸಿ ಇದೆ ಅಂತ ಹೆಮ್ಮೆಪಡುವ ಆಫೀಸುಗಳಿಗೆ ಒಂದು ಮಾತು: ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರಲ್ಲ, ಒಳಗಿನದ್ದನ್ನೇ ತಣ್ಣಗೆ ಮಾಡಿ ವಾಪಸ್ ಬಿಡುತ್ತೆ. ಮೈಸೂರಿನ ಹವೆಗೆ ವರ್ಷದಲ್ಲಿ ಎಷ್ಟು ತಿಂಗಳು ಎಸಿ ಬೇಕು ಅಂತ ನೀವೇ ಹೇಳಿ. ಕೆಆರ್‌ಎಸ್ ರಸ್ತೆಯ ನಮ್ಮ ಪಿಕೆಟಿಬಿ ಸ್ಯಾನಿಟೋರಿಯಂ ಗೊತ್ತಲ್ಲ, ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನದು. ಅರಮನೆಯ ಹೆಣ್ಣುಮಗಳನ್ನೂ ಬಿಡದ ಕಾಯಿಲೆ ಇದು. ಟಿಬಿಗೆ ಒಂದೇ ಒಂದು ಮಾತ್ರೆ ಇಲ್ಲದ ಕಾಲದಲ್ಲಿ ಸ್ಯಾನಿಟೋರಿಯಂ ಕಟ್ಟುವವರು ಮೊದಲು ನೋಡುತ್ತಿದ್ದದ್ದು ಗಾಳಿ ಬೆಳಕನ್ನು. ಪೆರು ದೇಶದ ಲಿಮಾದಲ್ಲಿ ಅಳೆದು ನೋಡಿ 2007ರಲ್ಲಿ ಪ್ರಕಟಿಸಿದರು: ಎತ್ತರದ ಸೂರು, ದೊಡ್ಡ ಕಿಟಕಿಯ ಹಳೇ ವಾರ್ಡುಗಳಲ್ಲಿ, ಕಿಟಕಿ ತೆಗೆದಿಟ್ಟಾಗ, ಯಂತ್ರದಿಂದ ಗಾಳಿ ಆಡಿಸುವ ಹೊಸ ರೂಮುಗಳಿಗಿಂತ ಹೆಚ್ಚು ಗಾಳಿ ಆಡುತ್ತಿತ್ತು. ನಿಮ್ಮಲ್ಲೂ ಕಿಟಕಿಗೆ ಅಡ್ಡ ಪೆಟ್ಟಿಗೆಗಳಿದ್ದರೆ ಇನ್ನೊಂದು ಗೋಡೆಗೆ ಜೋಡಿಸಿ.

ರಜೆ ವಿಷಯವನ್ನು ನೀವು ಕೇಳಿಲ್ಲ, ಆದರೆ ಸೂಪರ್‌ವೈಸರ್ ಅಂದಿರಿ, ಅದಕ್ಕೇ ಹೇಳುತ್ತೇನೆ. ಇಎಸ್‌ಐ, ಅಂದರೆ ಸರ್ಕಾರದ ಕಾರ್ಮಿಕರ ವಿಮೆ, ಇರುವವರಿಗೆ ಟಿಬಿ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿದೆ. ಎರಡು ವರ್ಷ ಸರ್ವಿಸ್ ಆಗಿ ಚಂದಾ ಸರಿಯಾಗಿ ಕಟ್ಟಿದ್ದರೆ ಕಾಯಿಲೆಯ ರಜೆಯಲ್ಲಿ ಮೊದಲ 91 ದಿನ ಕೂಲಿಯ ಶೇ. 70ರಷ್ಟು, ಆಮೇಲೂ ಬೇಕಾದರೆ ಒಂದು ಮಿತಿಯವರೆಗೆ ಶೇ. 80ರಷ್ಟು ಸಿಗುತ್ತೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಸಂಬಳ ಕಟ್ ಆಗುತ್ತೆ ಅಂತ ಜ್ವರದಲ್ಲೇ ಬಂದು ಕೂರುತ್ತಾರೆ.

ಲೋಟದ ಮೇಲೆ ನಿಮಗೆ ಅಷ್ಟು ಅನುಮಾನ ಇದ್ದರೆ ಅದಕ್ಕೆ ತಕ್ಕ ಕಾಯಿಲೆಗಳೂ ಇವೆ, ನಿರಾಶರಾಗಬೇಡಿ. ನೀರಿನಿಂದ ಬರುವ ಕಾಮಾಲೆ, ಅಂದರೆ ಹೆಪಟೈಟಿಸ್ ಎ ಮತ್ತು ಇ, ಟೈಫಾಯ್ಡ್, ವಾಂತಿಭೇದಿ. ಅಲ್ಲಿ ನೋಡಬೇಕಾದದ್ದು ಸಂಪು ಯಾವಾಗ ತೊಳೆದದ್ದು, ಬಾತ್‌ರೂಮಿನಲ್ಲಿ ಸೋಪು ಇದೆಯಾ, ನೀರಿಗೆ ಕೈ ಅದ್ದುತ್ತಾರಾ ಅನ್ನುವುದನ್ನು. ವಾಶ್‌ಬೇಸಿನ್ ಪಕ್ಕ ಮೊಳೆಗೆ ನೇತುಹಾಕಿದ ಒಂದೇ ಟವೆಲ್ ಇದೆಯಲ್ಲ, ಮದ್ರಾಸ್ ಐ ಇಡೀ ಆಫೀಸು ಸುತ್ತುವುದು ಅದರಲ್ಲಿ. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಬರುವುದಲ್ಲ ಅದು, ಕಪ್ಪು ಕನ್ನಡಕ ಹಾಕಿಕೊಂಡವರು ಆಮೇಲೆ ಮುಖ ಒರೆಸಿಕೊಳ್ಳುವುದು ಅದೇ ಟವೆಲ್ಲಿಗೆ.

ಆ ಅಗರಬತ್ತಿ ಯೂನಿಟ್ಟಿನ ಡ್ರಮ್ಮಿಗೆ ನಲ್ಲಿ ಇರಲಿಲ್ಲ. ಮೂವತ್ತು ಜನವೂ ಮಸಾಲೆ ಕೈಯಲ್ಲೇ ಲೋಟ ಅದ್ದಿ ಕುಡಿಯುತ್ತಿದ್ದರು. ಟಿಬಿ ಇದ್ದಾಕೆ ಮಾತ್ರ ಆ ಕೆಂಪು ಬೊಟ್ಟಿನ ಲೋಟವನ್ನು ಮುಟ್ಟುತ್ತಲೂ ಇರಲಿಲ್ಲ, ಅವಮಾನಕ್ಕೆ ಮನೆಯಿಂದಲೇ ಬಾಟಲಿಯಲ್ಲಿ ನೀರು ತರುತ್ತಿದ್ದಳು. ನಲ್ಲಿ ಹಾಕಿಸಿ ಅಂತ ಹೇಳಿ ಬಂದಿದ್ದೆ. ಮಳೆಗಾಲದಲ್ಲಿ ಅಲ್ಲಿ ನಾಲ್ಕು ಜನಕ್ಕೆ ಕಾಮಾಲೆ ಆಯ್ತು, ಆಕೆಗೆ ಆಗಲಿಲ್ಲ. ಮಾಲೀಕರು ಫೋನ್ ಮಾಡಿ ಮೊದಲು ಕೇಳಿದ್ದು: "ಮೇಡಂ, ಇದೂ ಆ ಲೋಟದಿಂದಲೇ ಬಂತಾ?"