ಸೊಂಟಕ್ಕೆ ಹಗುರ, ಮುಂಗೈಗೆ ಭಾರ

ಡಿಕ್ ಕಸೂಲ್ ಎಂಬ ಅಮೆರಿಕದ ಬಂದೂಕು ತಜ್ಞ ಒಂದಕ್ಕೊಂದು ತೀರಾ ವಿರುದ್ಧವಾದ ಎರಡು ರಿವಾಲ್ವರ್‌ಗಳನ್ನು ರೂಪಿಸಿದ. ಮೊದಲನೆಯದು ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. .22 ತೋಟಾ (ಈ ಅಂಕಿ ಗುಂಡಿನ ಅಗಲ, ಅಂಗುಲದ ಲೆಕ್ಕದಲ್ಲಿ) ಐದು ಹಿಡಿಸುತ್ತದೆ, ತೂಕ 130 ಗ್ರಾಂ ಆಸುಪಾಸು. ಎರಡನೆಯದು ಒಂದೂಕಾಲು ಕಿಲೋಗೂ ಮೀರಿದ ಉಕ್ಕಿನ ರಿವಾಲ್ವರ್. .454 ಕಸೂಲ್ ಎಂಬ ಭಾರೀ ತೋಟಾ ಹಾರಿಸುತ್ತದೆ. ವಯೋಮಿಂಗ್ ರಾಜ್ಯದ ಫ್ರೀಡಂ ಆರ್ಮ್ಸ್ ಕಂಪನಿ ಅದನ್ನು 1983ರಲ್ಲಿ ಮಾರುಕಟ್ಟೆಗೆ ತಂದಿತು. ಹಗುರ ಮಾಡುವ ಕಲೆ ಚೆನ್ನಾಗಿ ಗೊತ್ತಿದ್ದವನೇ ದೊಡ್ಡ ತೋಟಾಕ್ಕೆ ಬಂದಾಗ ಅಷ್ಟು ತೂಕ ಯಾಕೆ ಇಟ್ಟ? ಉತ್ತರ ಭೌತಶಾಸ್ತ್ರದಲ್ಲಿದೆ.

ಇವೆರಡೂ ಸಿಂಗಲ್ ಆಕ್ಷನ್ ರಿವಾಲ್ವರ್‌ಗಳು. ಅಂದರೆ ಪ್ರತಿ ಗುಂಡಿಗೂ ಮೊದಲು, ತೋಟಾ ಸಿಡಿಸಲು ಬಡಿಯುವ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ನಿಲ್ಲಿಸಬೇಕು. ಆಗ ತೋಟಾಗಳು ಕೂರುವ ಸಿಲಿಂಡರ್ ಒಂದು ಮನೆ ತಿರುಗುತ್ತದೆ. ಕುದುರೆಗೆ, ಅಂದರೆ ಟ್ರಿಗರ್‌ಗೆ, ಉಳಿಯುವ ಕೆಲಸ ಒಂದೇ: ನಿಂತ ಹ್ಯಾಮರನ್ನು ಬಿಡುವುದು. 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ಈ ಜಾತಿಯ ಅತಿ ಪ್ರಸಿದ್ಧ ರಿವಾಲ್ವರ್. ಅಮೆರಿಕದ ಸೈನ್ಯ ಬಳಸಿದ ಉದ್ದ ನಳಿಗೆಯ ಮಾದರಿ ಸುಮಾರು 1.1 ಕಿಲೋ ತೂಗುತ್ತದೆ.

ಸೊಂಟದಲ್ಲಿ ಇಡೀ ದಿನ 1.1 ಕಿಲೋ ಕಬ್ಬಿಣ ಹೊತ್ತು ಬೆಟ್ಟ ಹತ್ತುವುದು ಸುಮ್ನೆ ಮಾತಲ್ಲ. ಬೆಲ್ಟ್ ಜಗ್ಗುತ್ತದೆ, ಸೊಂಟದ ಮೂಳೆ ಉಜ್ಜುತ್ತದೆ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ದನ ಕಾಯುವವರು, ಮೀನು ಹಿಡಿಯುವವರು, ಚಾರಣಿಗರು ಹಗುರ ರಿವಾಲ್ವರ್ ಬೇಕು ಅನ್ನುವುದು ಇದಕ್ಕೇ. ಅವರು ಗುಂಡು ಹಾರಿಸುವುದು ಎಂದೋ ಒಮ್ಮೆ, ಹೊರುವುದು ಮಾತ್ರ ದಿನವಿಡೀ. ಭಾರ ಅಂತ ಜೀಪಿನಲ್ಲೇ ಬಿಟ್ಟುಬಂದ ರಿವಾಲ್ವರ್ ಕಾಡಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಅಲ್ವಾ? ಈ ವಾದ ನನಗೆ ಪೂರ್ತಿ ಒಪ್ಪಿಗೆ.

ಹಗುರತನಕ್ಕೂ ಸಿಂಗಲ್ ಆಕ್ಷನ್‌ಗೂ ಹೊಂದಿಕೆ ಚೆನ್ನಾಗಿದೆ ಅನ್ನುವುದಕ್ಕೆ ಇನ್ನೊಂದು ಕಾರಣ ಉಂಟು, ಅದರ ಬಗ್ಗೆ ಮಾತು ಕಡಿಮೆ. ಡಬಲ್ ಆಕ್ಷನ್ ರಿವಾಲ್ವರಿನಲ್ಲಿ ಕುದುರೆಯೇ ಹ್ಯಾಮರನ್ನು ಎತ್ತಬೇಕು, ಸಿಲಿಂಡರನ್ನೂ ತಿರುಗಿಸಬೇಕು. ಅದಕ್ಕೆ ಸುಮಾರು 5 ಕಿಲೋ ತೂಕದಷ್ಟು ಬಲ ಬೇಕು. ರಿವಾಲ್ವರ್ 600 ಗ್ರಾಂ ಇದ್ದರೆ ಬೆರಳು ಅದರ ತೂಕದ ಎಂಟು ಪಟ್ಟು ಬಲ ಹಾಕುತ್ತದೆ. ಹಾಗಿದ್ದಾಗ ನಳಿಗೆ ಅಲುಗದೆ ಇರುವುದು ಹೇಗೆ? ಸಿಂಗಲ್ ಆಕ್ಷನ್‌ನಲ್ಲಿ ಒಂದೂವರೆ, ಎರಡು ಕಿಲೋ ಬಲ ಸಾಕು. ಹಗುರ ರಿವಾಲ್ವರ್‌ಗೆ ಇದು ದೊಡ್ಡ ವರ. ಆದರೂ ಕೈನಡುಕದ ಸಮಸ್ಯೆ ಉಳಿಯುತ್ತದೆ. ನಳಿಗೆಯ ತುದಿಯಲ್ಲಿ ತೂಕವಿದ್ದರೆ ಅದು ಸಣ್ಣ ನಡುಕವನ್ನು ನುಂಗುತ್ತದೆ. ಗಿಡ್ಡ, ಹಗುರ ನಳಿಗೆ ಅಷ್ಟನ್ನೂ ತೋರಿಸುತ್ತದೆ.

ಈಗ ಒದೆತಕ್ಕೆ ಬರೋಣ. ಗುಂಡು ಮುಂದೆ ಹೋದರೆ ರಿವಾಲ್ವರ್ ಹಿಂದೆ ಬರಬೇಕು. ಎರಡರ ಸಂವೇಗವೂ, ಅಂದರೆ ತೂಕ ಗುಣಿಸು ವೇಗವೂ, ಸಮ. ಕೋಲ್ಟ್‌ನ .45 ಗುಂಡು ಸುಮಾರು 16.5 ಗ್ರಾಂ, ವೇಗ ಸೆಕೆಂಡಿಗೆ 260 ಮೀಟರ್ ಆಸುಪಾಸು. 1.1 ಕಿಲೋ ರಿವಾಲ್ವರ್ ಆಗ ಸೆಕೆಂಡಿಗೆ 4 ಮೀಟರ್‌ಗೆ ಸ್ವಲ್ಪ ಕಡಿಮೆ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಕೈಗೆ ಬರುವ ಶಕ್ತಿ ಸುಮಾರು 8 ಜೂಲ್. ತೂಕವನ್ನು ಅರ್ಧ ಮಾಡಿ ನೋಡಿ. ವೇಗ ಎರಡರಷ್ಟಾಗುತ್ತದೆ. ಶಕ್ತಿಯ ಲೆಕ್ಕದಲ್ಲಿ ವೇಗದ ವರ್ಗ ಬರುವುದರಿಂದ ಅದು ನಾಲ್ಕು ಪಟ್ಟು, ತೂಕ ಅರ್ಧ; ಒಟ್ಟು ಶಕ್ತಿ ಎರಡರಷ್ಟಾಗಿ 17 ಜೂಲ್ ಹತ್ತಿರ ಬರುತ್ತದೆ. ನಳಿಗೆಯಿಂದ ನುಗ್ಗುವ ಮದ್ದಿನ ಅನಿಲದ ತಳ್ಳುವಿಕೆಯನ್ನು ನಾನಿಲ್ಲಿ ಸೇರಿಸಿಲ್ಲ. ಸೇರಿಸಿದರೆ ಇನ್ನೂ ಜಾಸ್ತಿ. ನೋವಿಗೆ ಈ ವೇಗವೂ ಮುಖ್ಯ. ನಿಧಾನವಾಗಿ ತಳ್ಳಿದರೆ ಕೈ ತಡೆಯುತ್ತದೆ, ಚುರುಕಾಗಿ ಹೊಡೆದರೆ ತಡೆಯುವುದಿಲ್ಲ.

ಹಳೆಯ ಸಿಂಗಲ್ ಆಕ್ಷನ್‌ಗಳ ಬಾಗಿದ ಹಿಡಿಕೆ ಇದಕ್ಕೆ ತನ್ನದೇ ಉಪಾಯ ಇಟ್ಟುಕೊಂಡಿದೆ. ಗುಂಡು ಹಾರಿದಾಗ ಹಿಡಿಕೆ ಅಂಗೈಯಲ್ಲಿ ಉರುಳುತ್ತದೆ, ನಳಿಗೆ ಮೇಲಕ್ಕೇಳುತ್ತದೆ. ಹೊಡೆತ ನೇರವಾಗಿ ಅಂಗೈಗೆ ಬಡಿಯದೆ ತಿರುಗುವ ಚಲನೆಯಲ್ಲಿ ಕರಗುತ್ತದೆ. ಮತ್ತೆ ಕೈ ಇಳಿಸುವಾಗ ಹೆಬ್ಬೆರಳು ತಾನಾಗಿ ಹ್ಯಾಮರ್ ಹತ್ತಿರ ಬಂದಿರುತ್ತದೆ. ಬಹಳ ಜಾಣ ವಿನ್ಯಾಸ. ಆದರೆ ರಿವಾಲ್ವರ್ ತೀರಾ ಹಗುರವಾದರೆ ಉರುಳುವುದು ಅತಿಯಾಗುತ್ತದೆ. ಕುದುರೆಯ ಸುತ್ತಲಿನ ಬಳೆ ನಡುಬೆರಳಿನ ಗೆಣ್ಣಿಗೆ ಬಡಿಯುತ್ತದೆ. ಹ್ಯಾಮರ್‌ನ ಚೂಪು ತುದಿ ಕೆಲವರ ಹೆಬ್ಬೆರಳ ಬುಡವನ್ನು ಕೆರೆಯುತ್ತದೆ.

ಗುರಿಯೂ ಬದಲಾಗುತ್ತದೆ. ಗುಂಡು ನಳಿಗೆಯೊಳಗೆ ಇರುವಾಗಲೇ ರಿವಾಲ್ವರ್ ಏಳಲು ಶುರು ಮಾಡಿರುತ್ತದೆ. ಭಾರವಾದ, ನಿಧಾನದ ಗುಂಡು ಹೊರಬರಲು ತಡ ಮಾಡುವುದರಿಂದ ಸಾಮಾನ್ಯವಾಗಿ ಮೇಲೆ ಬೀಳುತ್ತದೆ. ಹಗುರ ರಿವಾಲ್ವರಿನಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಗುರಿ ನೋಡುವ ಕಚ್ಚನ್ನು ಸರಿಹೊಂದಿಸಲು ಆಗದ ರಿವಾಲ್ವರ್ ಆದರೆ ಅದಕ್ಕೆ ಹೊಂದುವ ಒಂದೇ ಬಗೆಯ ತೋಟಾ ಹುಡುಕಿಕೊಳ್ಳಬೇಕು.

ಇದಕ್ಕಿಂತ ಅಪಾಯದ್ದು ತೋಟಾ ಬಿಚ್ಚಿಕೊಳ್ಳುವುದು. ಒಂದು ಗುಂಡು ಹಾರಿದಾಗ ಸಿಲಿಂಡರ್‌ನಲ್ಲಿ ಕಾದಿರುವ ಉಳಿದ ತೋಟಾಗಳೂ ಜೋರಾಗಿ ಹಿಂದಕ್ಕೆ ಎಳೆಯಲ್ಪಡುತ್ತವೆ. ಹಿತ್ತಾಳೆಯ ಕೊಳವೆಗೆ ಅಂಚು ಇದೆ, ಅದು ರಿವಾಲ್ವರ್ ಜೊತೆಗೇ ಬರುತ್ತದೆ. ಅದರ ಬಾಯಲ್ಲಿ ಕೂತ ಸೀಸದ ಗುಂಡು ಜಡತ್ವದಿಂದ ಇದ್ದಲ್ಲೇ ಇರಲು ನೋಡುತ್ತದೆ. ಹಿಡಿತ ಸಡಿಲವಿದ್ದರೆ ಗುಂಡು ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ. ಕೊನೆಗೆ ಸಿಲಿಂಡರ್‌ನ ಮುಂಬದಿಯಿಂದ ಇಣುಕಿ, ಚೌಕಟ್ಟಿಗೆ ತಾಗಿ, ಸಿಲಿಂಡರ್ ತಿರುಗದಂತೆ ಅಡ್ಡಗಟ್ಟುತ್ತದೆ. ಆ ಹೊತ್ತಿಗೆ ರಿವಾಲ್ವರ್ ಕೈಯಲ್ಲಿದ್ದೂ ಇಲ್ಲದಂತೆ.  

ಹಗುರ ಮಾಡುವುದು ಯಾವುದರಿಂದ? ಮೊದಲ ಆಯ್ಕೆ ಅಲ್ಯೂಮಿನಿಯಂ. ಒಂದು ಘನ ಸೆಂಟಿಮೀಟರ್ ಉಕ್ಕು 7.8 ಗ್ರಾಂ ತೂಗಿದರೆ ಅಲ್ಯೂಮಿನಿಯಂ 2.7 ಗ್ರಾಂ, ಟೈಟಾನಿಯಂ 4.5 ಗ್ರಾಂ. ಆದರೆ ಅಲ್ಯೂಮಿನಿಯಂನ ಬಿಗುವು ಉಕ್ಕಿನ ಮೂರನೇ ಒಂದು ಭಾಗ. ಅದಕ್ಕಿಂತ ದೊಡ್ಡ ತೊಂದರೆ ದಣಿವು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಕೊನೆಗೆ ತುಂಡಾಗುತ್ತದಲ್ಲ, ಹಾಗೆ ಲೋಹಗಳೂ ದಣಿಯುತ್ತವೆ. ಉಕ್ಕಿಗೆ ಒಂದು ಮಿತಿ ಇದೆ. ಒತ್ತಡ ಆ ಮಿತಿಯ ಕೆಳಗಿದ್ದರೆ ಎಷ್ಟು ಸಲ ಬಿದ್ದರೂ ಅದು ಹೆಚ್ಚುಕಡಿಮೆ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಪ್ರತಿ ಗುಂಡೂ ಅದರ ಆಯುಸ್ಸಿನಿಂದ ಒಂದಿಷ್ಟು ಕಡಿದುಕೊಳ್ಳುತ್ತದೆ. ಸಾಲದ್ದಕ್ಕೆ ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿಯಿಂದ ಬಿಸಿ ಅನಿಲ ಚಿಮ್ಮಿ ಮೇಲಿನ ಚೌಕಟ್ಟನ್ನು ಕೊರೆಯುತ್ತದೆ.

1950ರ ದಶಕದಲ್ಲಿ ಅಮೆರಿಕದ ವಾಯುಪಡೆ ಇದನ್ನು ಕಷ್ಟಪಟ್ಟು ಕಲಿಯಿತು. ವಿಮಾನ ಸಿಬ್ಬಂದಿಗೆಂದು ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸನ್‌ನಿಂದ ಚೌಕಟ್ಟೂ ಸಿಲಿಂಡರೂ ಅಲ್ಯೂಮಿನಿಯಂ ಆಗಿರುವ .38 ಡಬಲ್ ಆಕ್ಷನ್ ರಿವಾಲ್ವರ್‌ಗಳನ್ನು ತರಿಸಿತು. ಸಿಲಿಂಡರ್‌ಗಳು ಒತ್ತಡ ತಾಳಲಿಲ್ಲ. ಕಡಿಮೆ ಒತ್ತಡದ ತೋಟಾ ಮಾಡಿಸಿದರೂ ನಂಬಿಕೆ ಬರಲಿಲ್ಲ. ಕೊನೆಗೆ ಬಹುಪಾಲನ್ನು ವಾಪಸ್ ತರಿಸಿ ನಾಶ ಮಾಡಿದರು.

ಅದೇ ದಶಕದಲ್ಲಿ ರೂಗರ್ ಕಂಪನಿಯೂ ತನ್ನ .22 ಸಿಂಗಲ್ ಸಿಕ್ಸ್‌ನ ಹಗುರ ಮಾದರಿ ತಂದಿತು, ಸುಮಾರು 650 ಗ್ರಾಂ. ಮೊದಲು ಗಟ್ಟಿ ಲೇಪನದ ಅಲ್ಯೂಮಿನಿಯಂ ಸಿಲಿಂಡರ್ ಹಾಕಿ, ಆಮೇಲೆ ಉಕ್ಕಿನ ಸಿಲಿಂಡರ್‌ಗೆ ಬಂದರು. ಚೌಕಟ್ಟು ಮಾತ್ರ ಅಲ್ಯೂಮಿನಿಯಂ ಆಗಿಯೇ ಉಳಿಯಿತು. ಇದು ಸರಿಯಾದ ದಾರಿ ಅಂತ ನನಗೆ ಅನಿಸುತ್ತದೆ. ಸ್ಫೋಟ ನಡೆಯುವುದು ಸಿಲಿಂಡರ್‌ನಲ್ಲಿ, ಅಲ್ಲಿ ತೂಕ ಕಡಿಯಬಾರದು. 2019ರಲ್ಲಿ ಬಂದ ರೂಗರ್ ರಾಂಗ್ಲರ್ ಕೂಡ .22 ತೋಟಾದ್ದೇ, ಅದರ ಚೌಕಟ್ಟೂ ಅಲ್ಯೂಮಿನಿಯಂ ಮಿಶ್ರಲೋಹದ್ದೇ.

ನಮ್ಮ ದೇಶದಲ್ಲಿ ಹಗುರತನಕ್ಕೆ ಟೈಟಾನಿಯಂ ದಾರಿ ಹಿಡಿದ ಉದಾಹರಣೆ ಇದೆ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರಿಗೆಂದು ಹೊರತಂದ ನಿರ್ಭೀಕ್ .32 ರಿವಾಲ್ವರ್ ತೂಗುವುದು ಸುಮಾರು 500 ಗ್ರಾಂ. ಅದು ಸಿಂಗಲ್ ಆಕ್ಷನ್ ಜಾತಿಯದ್ದಲ್ಲ. ಬೆಲೆ 1.22 ಲಕ್ಷ ರೂಪಾಯಿ ಇತ್ತು. ಟೈಟಾನಿಯಂ ಕಡೆಯುವುದು ಕಷ್ಟ, ಖರ್ಚೂ ಜಾಸ್ತಿ.

ನನ್ನ ಅಭಿಪ್ರಾಯ ಕೇಳಿದರೆ .22ರಲ್ಲಿ ಎಷ್ಟು ಬೇಕಾದರೂ ಹಗುರ ಮಾಡಲಿ. ಗುಂಡಿನ ತೂಕವೇ 2.6 ಗ್ರಾಂ, ಕೈಗೆ ನೋವಿಲ್ಲ. .44, .45ರಲ್ಲಿ ಅರ್ಧ ಕಿಲೋ ರಿವಾಲ್ವರ್ ಕೊಂಡವರು ಒಂದೆರಡು ಸಿಲಿಂಡರ್ ಖಾಲಿ ಮಾಡುವಷ್ಟರಲ್ಲಿ ಕೈ ಬೆದರುತ್ತದೆ. ಹೊಡೆತಕ್ಕೆ ಮೊದಲೇ ಬೆರಳು ಬೆಚ್ಚುವ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಅಭ್ಯಾಸ ಮಾಡಲು ಮನಸ್ಸೇ ಬಾರದ ರಿವಾಲ್ವರ್ ಎಷ್ಟು ಹಗುರವಾಗಿದ್ದರೇನು? ರೂಗರ್‌ನವರೇ 1959ರಲ್ಲಿ .44 ಮ್ಯಾಗ್ನಂ ತೋಟಾಕ್ಕೆ ಸೂಪರ್ ಬ್ಲಾಕ್‌ಹಾಕ್ ಮಾಡುವಾಗ ಹಿಡಿಕೆಯ ಅಲ್ಯೂಮಿನಿಯಂ ಚೌಕಟ್ಟನ್ನು ತೆಗೆದು ಉಕ್ಕಿನದನ್ನು ಹಾಕಿದರು. ಅದನ್ನು ದೊಡ್ಡದೂ ಮಾಡಿದರು. ಸಿಲಿಂಡರ್ ಮೇಲಿನ ತೋಡುಗಳನ್ನೂ ಕೈಬಿಟ್ಟು ಲೋಹವನ್ನು ಹಾಗೇ ಉಳಿಸಿಕೊಂಡರು.