ಸಿಗಡಿಗೂ ಡೈಗೂ ನಂಟಿಲ್ಲ ಮಾರಾಯ್ರೇ

"ಇವನಿಗೆ ಸಿಗಡಿ ಆಗುದಿಲ್ಲ ಡಾಕ್ಟ್ರೇ, ಡೈ ಕೊಡ್ಬೇಡಿ."

ಮಂಗಳೂರಿನಲ್ಲಿ ಸಿ.ಟಿ. ಸ್ಕ್ಯಾನ್ ರೂಮಿನ ಬಾಗಿಲಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಡೈ ಅಂದರೆ ಸ್ಕ್ಯಾನ್‌ನಲ್ಲಿ ಒಳಗಿನದು ಸ್ಪಷ್ಟ ಕಾಣಲಿ ಅಂತ ಸೂಜಿಯಲ್ಲಿ ಕೊಡುವ ದ್ರವ. ಸಿಗಡಿಯಲ್ಲಿ ಅಯೋಡಿನ್ ಇದೆ, ಡೈಯಲ್ಲೂ ಇದೆ, ಹಾಗಾಗಿ ಅದು ಆಗದವರಿಗೆ ಇದೂ ಆಗಲ್ಲ ಅನ್ನುವ ಲೆಕ್ಕ. ಲೆಕ್ಕ ತಪ್ಪು. ಸಿಗಡಿ, ಏಡಿ ತಿಂದು ಮೈ ತುರಿಸುವುದು ಹೆಚ್ಚಾಗಿ ಟ್ರೋಪೋಮಯೋಸಿನ್ ಎಂಬ ಪ್ರೋಟೀನಿನಿಂದ, ಅಯೋಡಿನ್‌ನಿಂದ ಅಲ್ಲ. ಅಯೋಡಿನ್ನೇ ಆಗದಿದ್ದರೆ ಪ್ಯಾಕೆಟ್ ಉಪ್ಪು ಹಾಕಿದ ಗಂಜಿಯೂ ಆಗಬಾರದಿತ್ತು, ಅಲ್ವಾ?

ಹಾಗಂತ ಅಲರ್ಜಿ ವಿಷಯ ಮುಚ್ಚಿಡಬೇಡಿ. ಆಸ್ತಮಾ ಅಥವಾ ಜೋರು ಅಲರ್ಜಿ ಇರುವ ಮಕ್ಕಳಲ್ಲಿ ರಿಯಾಕ್ಷನ್ ಸಾಧ್ಯತೆ ಸ್ವಲ್ಪ ಜಾಸ್ತಿ. ಅದಕ್ಕೆ ಸಿಗಡಿಯೂ ಒಂದೇ, ಶೇಂಗಾವೂ ಒಂದೇ. ಆದರೆ ನನಗೆ ಮೊದಲು ಬೇಕಾದ ಉತ್ತರ ಬೇರೆ: ಹಿಂದೆ ಡೈ ಕೊಟ್ಟಾಗ ಏನಾದರೂ ಆಗಿತ್ತಾ?

ಒಬ್ಬರು ಅಜ್ಜಿ ಮೊಮ್ಮಗನ ಸಿಗಡಿ ಕತೆಯನ್ನು ಕಾಲು ಗಂಟೆ ಹೇಳಿದರು. ಯಾರ ಮದುವೆ, ಬಡಿಸಿದ್ದು ಯಾರು, ಎಲ್ಲ ಬಂತು. ಅಷ್ಟರಲ್ಲಿ ನಾನು ಪ್ಲಾಸ್ಟಿಕ್ ಚೀಲದಿಂದ ಹಳೇ ಫೈಲ್ ತೆಗೆದೆ. ಎರಡು ವರ್ಷದ ಹಿಂದಿನ ಸ್ಕ್ಯಾನ್ ಚೀಟಿಯ ಮೂಲೆಯಲ್ಲಿ ಪೆನ್ನಿನಲ್ಲಿ ಗೀಚಿತ್ತು: ಡೈ ನಂತರ ಮೈತುಂಬ ಗಂದೆ. "ಹೌದು, ಅದು ಸಂಜೆಗೆ ಇಳೀತಲ್ಲ?" ಅಂದರು ಅಜ್ಜಿ. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅವತ್ತು ಅಲ್ಟ್ರಾಸೌಂಡ್‌ನಲ್ಲೇ ಕೆಲಸ ಮುಗಿಯಿತು. ಎಲ್ಲ ಸಲ ಹಾಗಾಗಲ್ಲ. ಡೈ ಬೇಕೇಬೇಕಾದರೆ ಬೇರೆ ಕಂಪನಿಯದು, ಬೇರೆ ರಚನೆಯದು ನೋಡುತ್ತೇವೆ, ತುರ್ತು ಔಷಧ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇವೆ.

ಅಯೋಡಿನ್‌ನ ನಿಜವಾದ ಚಿಂತೆ ಥೈರಾಯ್ಡ್‌ದು, ಅದೂ ಪುಟ್ಟ ಮಕ್ಕಳಲ್ಲಿ. ಮೂರು ವರ್ಷದವರೆಗಿನ ಮಕ್ಕಳಿಗೆ ಈ ಡೈ ಕೊಟ್ಟರೆ 3 ವಾರದೊಳಗೆ ಥೈರಾಯ್ಡ್ ನೋಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಸಲಹೆ ಕೊಟ್ಟಿತು. ನಿಮ್ಮ ಮಗುವಿಗೆ ಬೇಕಾ ಅಂತ ಮಕ್ಕಳ ಡಾಕ್ಟರನ್ನು ಕೇಳಿ. ಇದರ ಬಗ್ಗೆ ಇವತ್ತಿನವರೆಗೆ ಒಬ್ಬರೂ ನನ್ನನ್ನು ಕೇಳಿಲ್ಲ! ಎಂಆರ್‌ಐ ಡೈಯಲ್ಲಂತೂ ಅಯೋಡಿನ್ನೇ ಇಲ್ಲ, ಅದರಲ್ಲಿರುವುದು ಗ್ಯಾಡೊಲಿನಿಯಂ ಎಂಬ ಲೋಹ. ಅಲ್ಲಿಗೂ ಸಿಗಡಿ ಬರುತ್ತದೆ. ಆದರೆ ಕಿಡ್ನಿ ತೊಂದರೆ ಇದ್ದರೆ ಸಿ.ಟಿ., ಎಂಆರ್‌ಐ ಎರಡು ಕಡೆಯೂ ಹೇಳಲೇಬೇಕು.

ಸ್ಕ್ಯಾನ್ ಮುಗಿದ ಮೇಲೆ ಅರ್ಧ ಗಂಟೆ ಕೂರಿಸುತ್ತೇವೆ, ಕೈಯ ಸೂಜಿಯನ್ನೂ ತೆಗೆಯುವುದಿಲ್ಲ. ಜೋರು ರಿಯಾಕ್ಷನ್ ಬಂದರೆ ಹೆಚ್ಚಾಗಿ ಅಷ್ಟರೊಳಗೇ ಬರುತ್ತದೆ. "ಬಸ್ಸು ತಪ್ತದೆ ಡಾಕ್ಟ್ರೇ" ಅಂತಾರೆ. ಉಡುಪಿ ಬಸ್ಸಿಗೇನು ಬರವಾ?